ಷರಾ

ಓಣಿ ಮೊದಲು ಬರೆದೆ.
ಎರಡೂ ಕಡೆ ಆಳೆತ್ತರ ಮಣ್ಣಿನ ದಂಡೆ, ಮೂರು ತಿರುವು,
ಮನೆ ಕಾಣುವುದು ಕೊನೆಯ ತಿರುವಿನಲ್ಲಿ, ಅದೂ ಅರ್ಧ.
ನೇರ ದಾರಿ ಯಾಕಿಲ್ಲ ಎಂದರೆ ಚೋಂದವ್ವ,
'ಬರುವವನನ್ನು ನಾವು ಮೊದಲು ನೋಡಬೇಕಲ್ಲ' ಅಂದರು.
ಬೀಗದ ಕೈ ಈ ವರ್ಷ ಅವರ ಪಾಳಿ.

ನೆಲಜಿ ಕಡೆಯ ಐನ್‌ಮನೆ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ
ನಾನು ತುಂಬುವ ಹನ್ನೊಂದನೆಯ ನಮೂನೆ.
ಮಾಲೀಕರ ಹೆಸರು: ಒಂದು ಗೆರೆಯಷ್ಟೇ ಜಾಗ.
ಒಕ್ಕದಲ್ಲಿ ನೂರಾ ಅರವತ್ತು ತಲೆ, ತೊಟ್ಟಿಲಲ್ಲಿರುವವರನ್ನು ಬಿಟ್ಟು.
ಕಟ್ಟಿದ ವರ್ಷ: ಗೊತ್ತಿಲ್ಲ.
ಗೊತ್ತಿರುವುದು ಇಷ್ಟು: ಆಚಾರಿ ಬೆಟ್ಟದಾಚೆ ಮಲೆಯಾಳದವನು,
ಎರಡು ಮಳೆಗಾಲ ಇಲ್ಲೇ ಉಂಡ,
ಉಪ್ಪು ಕಡಿಮೆಯೆಂದು ದಿನವೂ ದೂರಿದ.

ಕಂಬ ನಾಲ್ಕು. ಬುಡದಲ್ಲಿ ಚೌಕ, ಮೇಲೇರುತ್ತ ಎಂಟು ಮೂಲೆ,
ತಲೆಯ ಹತ್ತಿರ ಮೂಲೆಗಳನ್ನೇ ಮರೆತು ದುಂಡು.
ಕಂಬದಿಂದ ಕಂಬಕ್ಕೆ ಐಮರ: ಒಂದೇ ಹಲಸಿನ ಹಲಗೆ,
ಒಂಬತ್ತು ಅಡಿ ಉದ್ದ, ಮೂರು ಅಂಗುಲ ದಪ್ಪ,
ಹಿರಿಯರು ಕೂತು ನ್ಯಾಯ ಹೇಳಿ ಹೇಳಿ ನಡುವೆ ತಗ್ಗು,
ಮುಖ ನೋಡಿಕೊಳ್ಳುವಷ್ಟು ಹೊಳಪು.
'ನೀವು ಕೂತಿದ್ದೀರಾ?'
'ನಾನಾ?' ಅಂದರು. ಅಷ್ಟೇ.

ಬಾಗಿಲವಾಡದ ಮೇಲೆ ಎರಡು ಗಿಣಿ, ಎದುರುಬದುರು,
ಕೊಕ್ಕಿನಲ್ಲಿ ಒಂದೇ ಬಳ್ಳಿಯ ಎರಡು ತುದಿ.
ಗರಿಗಳನ್ನು ಎಣಿಸಬಹುದು. ಎಣಿಸಿದೆ.
ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ, ಅದರ ಹೊಗೆ ಕುಡಿದ ತೊಲೆ.
ಕನ್ನಿಕೋಂಬರೆಯ ಹೊಸ್ತಿಲಿಗೆ ಟೇಪು ತಾಗಿಸಬೇಡ ಎಂದರು;
ಕಣ್ಣಳತೆಯಲ್ಲಿ ಬರೆದೆ.

ಮುಗಿಯಿತು ಅಂದುಕೊಂಡೆ.
'ಒಂದು ಉಳಿಯಿತು' ಎಂದು ಚೋಂದವ್ವ
ಸೀರೆಯ ಹಿಂದಿನ ನೆರಿಗೆ ಒತ್ತಿಕೊಂಡು
ಕೈಯಾಲೆಯ ನೆಲದ ಮೇಲೆ ಮಲಗಿಯೇಬಿಟ್ಟರು.
ನಾನೂ ಮಲಗಿದೆ, ಮೊಬೈಲಿನ ಬೆಳಕು ಹಿಡಿದು.

ಗೋಡೆಯಿಂದ ಒಂದು ಗೇಣು ಒಳಚಾಚಿದ ಐಮರದಡಿ
ಬಾಚಿಯ ಒರಟು ಏಟುಗಳ ನಡುವೆ
ಮತ್ತೊಂದು ಗಿಣಿ.
ರೆಕ್ಕೆ ಅತಿಯಾಗಿದೆ, ಕೊಕ್ಕು ಸೀಳಿಹೋಗಿದೆ.
ಆಚಾರಿ ಅಷ್ಟಕ್ಕೇ ಬಿಟ್ಟು ಹಲಗೆ ಮಗುಚಿ ಹಾಕಿದ್ದಾನೆ.

ಮದುವೆಯಾಗಿ ಬಂದ ವರ್ಷ ನೆಲ ಸಾರಿಸುವಾಗ ಕಂಡದ್ದಂತೆ.
ಯಾರಿಗೂ ಹೇಳಲಿಲ್ಲ;
ಮುಂದೆ ಯಾವಾಗಲೂ ಸಾಲಾಗಿ ಗಂಡಸರ ಹಿಮ್ಮಡಿ.
ಪುತ್ತರಿಗೆ ಐಮರಕ್ಕೆ ಎಣ್ಣೆ ತಿಕ್ಕಿದ ಮೇಲೆ
ಬೆರಳಿನಲ್ಲಿ ಉಳಿದದ್ದು ಪ್ರತಿವರ್ಷ ಇದಕ್ಕೆ.
ಬೆನ್ನು ಮಾತ್ರ, ಒಂದು ಹೆಬ್ಬೆಟ್ಟಿನಗಲ,
ಮೇಲಿನ ಹಲಗೆಯಷ್ಟೇ ನುಣುಪು.

'ಬರೆದರೆ ಜನ ಬಂದು ಬಗ್ಗಿ ನೋಡ್ತಾರೆ' ಅಂದರು,
ಬೇಡವೆಂದಲ್ಲ, ಲೆಕ್ಕ ಹಾಕುವ ದನಿಯಲ್ಲಿ.

ನಮೂನೆಯ ಕೊನೆಗೆ ಷರಾ ಎಂಬ ಕಾಲಂ ಇದೆ.
ಬರೆದೆ: ಐಮರ, ಅಡಿಭಾಗ. ಸುಸ್ಥಿತಿ.

ಅಂಗಿಯ ಬೆನ್ನಿಗೆ ಹತ್ತಿದ ಧೂಳನ್ನು
ಓಣಿಯ ಮೂರನೆಯ ತಿರುವು ದಾಟುವವರೆಗೂ ಕೊಡವಲಿಲ್ಲ.