ಗಾಜು ಬೇಕು, ಗಾಜು ಬೇಡ

ಜಲವರ್ಣಕ್ಕೆ ಗಾಜು ಬೇಕು, ತೈಲಕ್ಕೆ ಬೇಡ.
ಪೇಸ್ಟೆಲ್ಲಿಗೆ ಗಾಜೂ ಬೇಕು, ಗಾಜಿಗೂ ಚಿತ್ರಕ್ಕೂ ನಡುವೆ
ಒಂದು ಎಳೆ ಗಾಳಿಯೂ ಬೇಕು;
ತಾಗಿದರೆ ಆಕಾಶ ಗಾಜಿಗೆ ಮೆತ್ತಿಕೊಳ್ಳುತ್ತದೆ.
ನನಗೆ ಗೊತ್ತಿರುವ ಚಿತ್ರಕಲೆ ಇಷ್ಟೇ.
ಕಾರವಾರದ ಪೇಟೆಯಲ್ಲಿ ಕಟ್ಟು ಹಾಕುವ ಅಂಗಡಿ, ಅಪ್ಪನ ಕಾಲದ್ದು.
ಬರುವವರು: ದೇವರು, ಮದುಮಕ್ಕಳು, ತೀರಿಕೊಂಡವರು,
ಮತ್ತೆ ಮುಕ್ತಾಬಾಯಿ ಕೊಠಾರಕರ.

ಮೊದಲ ಹತ್ತು ವರ್ಷ ಬರೀ ನೀರುಬಣ್ಣ.
ಸೈಕಲ್ಲಿನ ಕ್ಯಾರಿಯರಿಗೆ ಹಲಗೆ ಬಿಗಿದು ಕೋಡಿಬಾಗಕ್ಕೆ ಹೋಗಿ
ಕಾಳಿ ಕಡಲಿಗೆ ಬೀಳುವಲ್ಲಿ ಕೂರುವರು.
ತಂದ ನೀರು ಮುಗಿದರೆ ಹೊಳೆಯದ್ದೇ ನೀರು.
ಉಬ್ಬರದ ಹೊತ್ತಾದರೆ, ಒಣಗಿದ ಮೇಲೆ
ಕಾಗದದ ತುಂಬ ಸಣ್ಣ ಉಪ್ಪು.
ಅಪ್ಪ ಒರೆಸಹೋದರೆ ಕೈ ಹಿಡಿದರು:
"ಇರಲಿ ಬಿಡಿ, ಅದೂ ಅಲ್ಲಿಯದೇ."

ಡ್ರಾಯಿಂಗ್ ಟೀಚರ್ ಕೆಲಸ ಖಾಯಂ ಆದದ್ದೇ ತೈಲಕ್ಕೆ ಬಿದ್ದರು.
ಜೂನಿನಲ್ಲಿ ಬಳಿದದ್ದು ದಸರೆಗೂ ಆರದು.
ಬೈತಖೋಲದ ಒಂದು ಚಿತ್ರದಲ್ಲಿ ನುಸಿಯೊಂದು ಅಂಟಿ ಸತ್ತಿತ್ತು;
ಕೀಳಲಿಲ್ಲ, ಕೆಳಗೊಂದು ಗೆರೆ ಎಳೆದು ದೋಣಿ ಮಾಡಿದರು.
ಆ ದೋಣಿಯನ್ನೇ ಮೆಚ್ಚಿ ಬ್ಯಾಂಕಿನ ಮ್ಯಾನೇಜರು ಕೊಂಡುಹೋದ.
ಹೋಟೆಲಿನವರು ಆರು ಹೇಳಿದರು:
ತೆಂಗು ಇರಲಿ, ಬಲೆ ಬೇಡ, ಒಣಮೀನು ಬೇಡವೇ ಬೇಡ.
ಮುಕ್ತಾಬಾಯಿ ಹಾಗೇ ಬರೆದು ಕೊಟ್ಟರು. ಕಟ್ಟಿನ ಬಾಕಿ ತೀರಿತು.

ನಡುವೆ ನಾಲ್ಕು ವರ್ಷ ಪೇಸ್ಟೆಲ್. ಬೆರಳಿನಿಂದಲೇ ತೀಡುವುದು.
ಸದಾಶಿವಗಡದ ಗುಡ್ಡ ಉಗುರಿನೊಳಗೆ ಕೂತು
ಮೀನಿನ ಸಾರಿಗೂ ಬಂತೆಂದು ಅವರ ತಾಯಿ ಬೈಯುತ್ತಿದ್ದರಂತೆ.
ಸುತ್ತ ನಿಂತ ಹುಡುಗರು ಕೇಳುವರು, "ಇದಕ್ಕೆ ಎಷ್ಟು ಸಿಗುತ್ತದೆ?"
"ಬಂಗಡೆಯಷ್ಟು ಸಿಗುವುದಿಲ್ಲ" ಅನ್ನುವರು, ತಲೆ ಎತ್ತದೆ.

ನೌಕಾನೆಲೆಗೆ ಜಾಗ ಹೋಗಿ ಬೇಲಿ ಬಿದ್ದ ಎಷ್ಟೋ ವರ್ಷಕ್ಕೆ
ಶಾಲೆಯ ಹಾಲಿನಲ್ಲಿ ಹಳೆಯವನ್ನೆಲ್ಲ ತೂಗುಹಾಕಿದೆವು.
ಅರ್ಗೆಯ ದಂಡೆಯ ಮುಂದೆ ಬುಧವಂತಿ ಹರಿಕಂತ್ರ
ಮೀನಿನ ಬುಟ್ಟಿ ಇಳಿಸದೆಯೇ ನಿಂತಳು.
"ಜೋಡು ತೆಂಗು, ಸಮ. ದುಮಿಂಗನ ಬಾವಿ, ಸಮ.
ಬಾವಿಯ ಆಚೆ ನಮ್ಮ ಮನೆ. ಅದೆಲ್ಲಿ?"

ನೀಲಿ ತಗಡಿನ ಮಾಡು, ಕಡಲಿನ ನೀಲಿಯನ್ನು ತಿನ್ನುತ್ತಿತ್ತು,
ಅದಕ್ಕೇ ಬಿಟ್ಟೆ,
ಅಂದರು ಮುಕ್ತಾಬಾಯಿ, ನೆಲಕ್ಕೆ.

ತೈಲಕ್ಕೆ ಗಾಜಿಲ್ಲದ್ದು ಒಳ್ಳೆಯದಾಯಿತು.
ಹೊರಗೆ ಕೂತಲ್ಲದೆ ಕುಂಚ ಮುಟ್ಟದ ಹೆಂಗಸು
ನನ್ನ ಅಂಗಡಿಯ ಟ್ಯೂಬ್‌ಲೈಟಿನಡಿ ಎರಡು ದಿನ ಕೂತು
ಬುಧವಂತಿ ಹೇಳಿದ ಹಾಗೆ ಮನೆ ಕಟ್ಟಿದರು.
ಕಿಟಕಿ ಎಡಕ್ಕೋ ಬಲಕ್ಕೋ ಎಂದು ಅತ್ತೆ ಸೊಸೆಗೆ ಜಗಳವಾಗಿ
ಕಿಟಕಿ ಹಾಕದೇ ಉಳಿಯಿತು.
ಕಾಲೊನಿಯ ಗೋಡೆಗೆ ಒಯ್ಯುವಾಗ ಬುಧವಂತಿ, ಗಾಜು ಹಾಕು ಅಂದಳು.
ತೈಲಕ್ಕೆ ಬೇಡ ಅಂದೆ. ಒಲೆಯ ಹೊಗೆ ಅಂದಳು. ಹಾಕಿದೆ.

ಆಮೇಲೆ ಮುಕ್ತಾಬಾಯಿ ಏನನ್ನೂ ಬಿಡಲಿಲ್ಲ:
ಕರೆಂಟು ಕಂಬ, ಕಂಬದ ನಂಬರು, ಹೆದ್ದಾರಿ ಬದಿಯ ಹರಿದ ಬ್ಯಾನರು.
ಚಿತ್ರ ಕೆಟ್ಟವು ಅಂದರು ಕೆಲವರು. ನನಗೆ ತಿಳಿಯದು,
ನಾನು ಅಳತೆ ನೋಡುವವನು.
ಹೋಟೆಲಿನವರು ಬರುವುದು ಬಿಟ್ಟರು.

ಈಗ ಕೈ ನಡುಗುತ್ತದೆ, ಬರೀ ಇದ್ದಿಲು.
ನಿನ್ನೆ ತಂದ ಹಾಳೆಯಲ್ಲಿ ಕೂರ್ಮಗಡ ಅರ್ಧ ಅಳಿಸಿತ್ತು,
ಮೇಲೆಲ್ಲ ಕರಿ ಪುಡಿ.
ಗಾಜು ಮುಚ್ಚುವ ಮೊದಲು ಊದಲೆಂದು ಬಗ್ಗಿದೆ.
"ಊದಬೇಡ ದಾವೂದ್," ಅಂದರು, "ಅದು ಮಳೆ."