ಪರದೆ ಎಳೆಯುವವನು ಸಿನಿಮಾ ನೋಡಿದ್ದು

ಫಹಾಹೀಲ್. ಶುಕ್ರವಾರ ಬೆಳಗಿನ ಹತ್ತರ ಆಟ,
ಕನ್ನಡಕ್ಕೆ ಇದೊಂದೇ.
ಇಸ್ತ್ರಿ ಅಂಗಡಿಗೆ ಬೀಗ ಜಡಿದು ಬಂದಿದ್ದೇನೆ,
ಬೆರಳಿಗಿನ್ನೂ ಗಂಜಿಯ ವಾಸನೆ.
ಪಕ್ಕದಲ್ಲಿ ಉಳ್ಳಾಲದ ಪುತ್ತುಬಾವ:
"ಇದು ನೀವು ಆಡಿದ ನಾಟಕವಂತಲ್ಲ?"
"ಆಡಿದ್ದಲ್ಲೋ, ಪರದೆ ಎಳದದ್ದು.
ಒಂಬತ್ತು ವರ್ಷ."

ಇಲ್ಲಿ ಪರದೆಗೆ ಹಗ್ಗವೇ ಇಲ್ಲ.
ಅದೇ ಹಾಡು, ನೂರು ಪಿಟೀಲು ಸೇರಿಸಿ ದಪ್ಪ ಮಾಡಿದ್ದಾರೆ;
ಮೌಲಾಸಾಬರ ಹಾರ್ಮೋನಿಯಂನ ಹರಕು ತಿದಿ
ನಡುನಡುವೆ ಉಸ್ಸೆನ್ನುತ್ತಿತ್ತಲ್ಲ,
ಅದನ್ನು ಮಾತ್ರ ಒರೆಸಿಬಿಟ್ಟಿದ್ದಾರೆ.
ಅರಮನೆ ನಿಜದ ಕಲ್ಲಿನದು.
ನಮ್ಮದು ಗೋಣಿತಟ್ಟು, ಗಾಳಿ ಬಂದರೆ ಕಂಬಗಳು ಉಬ್ಬುತ್ತಿದ್ದವು.

ಚಲೋ ಆಗೇತಿ. ಸುಳ್ಳು ಯಾಕೆ,
ರಾಣಿಯ ಕಣ್ಣೀರನ್ನು ಇಷ್ಟು ಹತ್ತಿರದಿಂದ
ನಾನು ಕಂಡದ್ದೇ ಇಲ್ಲ;
ಸೈಡ್ ವಿಂಗಿನಿಂದ ಕಾಣುತ್ತಿದ್ದದ್ದು
ದ್ಯಾಮಕ್ಕನ ಬೆನ್ನು, ಬೆವರು, ರವಿಕೆಗೆ ಚುಚ್ಚಿದ ಪಿನ್ನು.

ಆಮೇಲೆ ರಾಜ ಸತ್ತ,
ಎದೆಗೆ ಬಾಣ ನಾಟಿದರೂ ಹಾಡುತ್ತ ಹಾಡುತ್ತಲೇ.

ಫಕ್ಕೀರಪ್ಪ ಹೀಗೆ ಸತ್ತಾಗೆಲ್ಲ
ಹಿಂದಿನ ಸಾಲು ಎದ್ದು ಕೂಗುವುದು.
ಹೆಣ ಧೂಳು ಜಾಡಿಸಿ ಎದ್ದು,
ಸೊಂಟದ ಕತ್ತಿ ಸರಿಮಾಡಿಕೊಂಡು,
ಪಲ್ಲವಿಯಿಂದ ಮತ್ತೆ ಹಾಡಿ
ಮತ್ತೆ ಸಾಯುವುದು.
ಗುಳೇದಗುಡ್ಡದಲ್ಲಿ ಒಂದು ರಾತ್ರಿ ಐದು ಸಲ.
ನನ್ನ ಅಂಗೈ ಹಗ್ಗದ ಮೇಲೆ, ಕಾಯುತ್ತ.

ಗಂಟಲು ನನ್ನನ್ನು ಕೇಳಲಿಲ್ಲ:
"ವನ್ಸ್ ಮೋರ್!"

ಯಾರೋ ನಕ್ಕರು. ಹುಡುಗನೊಬ್ಬ ಟಾರ್ಚು ಬಿಟ್ಟ.
ರಾಜ ಏಳಲಿಲ್ಲ.
ಚಿತೆ, ಹೊಗೆ, ಹೆಸರುಗಳ ಪಟ್ಟಿ.

ಚಳಿ ಎಂದುಕೊಂಡನೋ ಏನೋ, ಪುತ್ತುಬಾವ
ತನ್ನ ಜಾಕೀಟು ಬಿಚ್ಚಿ ನನ್ನ ಮೊಣಕಾಲ ಮೇಲೆ ಹೊದಿಸಿದ.
ಅದರ ಕೆಳಗೆ ನನ್ನ ಎರಡೂ ಕೈ
ಇಲ್ಲದ ಹಗ್ಗವನ್ನು
ಮೆಲ್ಲಗೆ ಸಡಿಲಿಸುತ್ತಿದ್ದವು.