ಒಳಗೆ ಬಿಟ್ಟ ಬಟ್ಟೆ

ಬೆಳಿಗ್ಗೆ ಸೂಜಿಗೆ ದಾರ ನಾನೇ ಪೋಣಿಸುತ್ತಿದ್ದೆ.
ಸಂಜೆ ನಾಲ್ಕಕ್ಕೆ ರೆಪ್ಪೆ ಇಳಿಯುತ್ತಿತ್ತು.
ದಾವಣಗೆರೆಯ ಚೌಕಿಪೇಟೆಯಲ್ಲಿ ಇನ್ನೂ ಯಾರೂ
ಶಟರ್ ಎಳೆದಿರುತ್ತಿರಲಿಲ್ಲ,
ನನ್ನವು ಎರಡೂ ಬಂದ್.

ಗದ್ದ ಎತ್ತಿ, ಕೆಳಗಣ್ಣಲ್ಲಿ ಟೇಪು ಹಿಡಿದರೆ
ಹಾಲಮ್ಮಗೆ ಸೊಕ್ಕು ಬಂತು ಅಂದರು.
ರಾತ್ರಿ ನಿದ್ದೆ ಬಿಡಲ್ವೇನೇ ನಿನ್ನ ಗಂಡ, ಅಂತ
ಕಣ್ಣು ಹೊಡೆದು ನಕ್ಕಳು ಒಬ್ಬಳು.
ಮಂಡಕ್ಕಿ ಅಗಿಯುತ್ತಾ ಅಗಿಯುತ್ತಾ
ದವಡೆ ನಡುವೆಯೇ ನಿಂತುಬಿಡುತ್ತಿತ್ತು.
ಸೆಲ್ಲೋಟೇಪು ಕತ್ತರಿಸಿ ರೆಪ್ಪೆಗೆ ಅಂಟಿಸಿಕೊಂಡು
ಆ ಜೂನ್‌ನಲ್ಲಿ ಇನ್ನೂರ ಹತ್ತು ಯೂನಿಫಾರಂ ಮುಗಿಸಿದೆ.
ಒಂದು ಲಂಗದ ನೆರಿಗೆ ಉಲ್ಟಾ ಬಿತ್ತು.
ಒಂದೇ.

ಡಾಕ್ಟರು ಕೈಗವಸಿಗೆ ಐಸು ತುಂಬಿ
ಎಡಗಣ್ಣ ಮೇಲಿಟ್ಟರು, ಎರಡು ನಿಮಿಷ.
ತೆಗೆದರೆ, ಕಣ್ಣು ತೆರೆದಿತ್ತು!
ಗೋಡೆಯ ಕ್ಯಾಲೆಂಡರು, ಅದರೊಳಗಿನ ಮಂಗಳವಾರ, ಎಲ್ಲ.
ಆಮೇಲೆ ಮೆಲ್ಲಗೆ ಮತ್ತೆ ಇಳಿಯಿತು.
ನರ ಹೇಳಿದ್ದು ಸ್ನಾಯುವಿಗೆ ಮುಟ್ಟುತ್ತಿಲ್ಲ ಅಂದರು.
ನಮ್ಮ ಮನೆಯಲ್ಲೂ ಹಂಗೇ ಅಂದೆ.
ಅವರು ನಗಲಿಲ್ಲ.

ಎರಡು ವರ್ಷ ಮಾತ್ರೆ.
ದವಡೆ ಕೇಳಿತು, ತೋಳು ಕೇಳಿತು,
ರೆಪ್ಪೆ ಕೇಳಲಿಲ್ಲ.
ಹಾಗಾದರೆ ಎತ್ತಿ ಕಟ್ಟೋಣ:
ರೆಪ್ಪೆಯಿಂದ ಹುಬ್ಬಿನ ತನಕ, ಚರ್ಮದಡಿ,
ಸಿಲಿಕೋನಿನ ಒಂದೆಳೆ.
ಚಡ್ಡಿಗೆ ಇಲಾಸ್ಟಿಕ್ ತೂರಿಸಿದಂಗಾ ಸಾರ್?
ಪಿನ್ನು ಸಿಗಿಸಿ ಎಳೀತೀರಾ?
ಈ ಸಲ ನಕ್ಕರು.

ಪೂರ್ತಿ ಎತ್ತಲ್ಲ ಅಮ್ಮ,
ಎತ್ತಿದರೆ ಮುಚ್ಚಕ್ಕಾಗಲ್ಲ, ಕಣ್ಣು ಒಣಗುತ್ತೆ.
ಈ ಕಾಯಿಲೆ ಏರುತ್ತೆ, ಇಳಿಯುತ್ತೆ.
ಬೇಕಾದರೆ ಮುಂದೆ ಬಿಗಿ ಮಾಡೋಣ.
ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ಬೆಳೆಯುವ ಹುಡುಗಿಯರ ಲಂಗಕ್ಕೆ
ಎರಡಿಂಚು ಒಳಗೆ ಮಡಚಿಟ್ಟು ಹೊಲಿದವಳು ನಾನು,
ಅದನ್ನು ಬಿಚ್ಚುವ ವರ್ಷ ಯಾವುದೋ ತಿಳಿಯದೆ.

ಈಗ ನಿದ್ದೆಯಲ್ಲೂ
ದಾರದೆಳೆಯಷ್ಟು ಕಣ್ಣು ತೆರೆದೇ ಇರುತ್ತೆ.
ಮುಲಾಮು ಸವರಿ ಮಲಗುತ್ತೇನೆ.
ನೀರಿಗೆ ಎದ್ದ ಅತ್ತೆ ಬೆದರಿ
ಎಚ್ಚರ ಐತೇನೇ ಅನ್ನುತ್ತಾರಂತೆ,
ನಾನು ಗೊರಕೆ ಹೊಡೆಯುತ್ತಿರುತ್ತೇನಂತೆ.

ನೋಡಬೇಕೆಂದರೆ ಹುಬ್ಬೇರಿಸಬೇಕು.
ಹಾಗಾಗಿ ಎಲ್ಲಕ್ಕೂ ಹುಬ್ಬೇರಿಸುತ್ತೇನೆ:
ಟೊಮೆಟೊ ರೇಟಿಗೆ, ಸೂಜಿಯ ಕಣ್ಣಿಗೆ,
ಬಿದ್ದುಹೋದ ಗುಂಡಿಗೆ,
ಅಳತೆ ಕೊಡಲು ನಿಂತ ಹೈಸ್ಕೂಲು ಹುಡುಗಿಗೆ.

ಯಾಕಾಂಟಿ, ಅಷ್ಟು ದಪ್ಪ ಆಗಿದೀನಾ?

ಇಲ್ಲ ಕಣೆ,
ನೋಡ್ತಾ ಇದೀನಿ.